ಮೊದಲ ಎಣ್ಣೆ ಕುರಿಗೆ

ಲಕ್ಕಿ ಸೊಪ್ಪಿನ ರಸ ಕಾದ ಎಣ್ಣೆಗೆ ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದೆ. ಕಹಿ ಅನ್ನೋಣವೆಂದರೆ ಕಹಿಯಲ್ಲ, ಘಾಟು ಅನ್ನೋಣವೆಂದರೆ ಘಾಟೂ ಅಲ್ಲ. ಬೆಳ್ಳುಳ್ಳಿ, ಅಜಿವಾನ ಅದರ ಜೊತೆ ಸೇರಿದವೆಂದರೆ ಮುಗಿಯಿತು, ಎರಡು ದಿನ ಪರದೆಯಿಂದಲೂ ಹೋಗುವುದಿಲ್ಲ. ಮೊನ್ನೆ ಭಾನುವಾರ ಯಾದಗಿರಿಯ ನಮ್ಮ ಮನೆಯಲ್ಲಿ ಗ್ಯಾಸಿನ ಮೇಲೆ ಎಣ್ಣೆ ಇಟ್ಟಿದ್ದೆ. ಮಗಳು ಮೂಗು ಹಿಡಿದುಕೊಂಡೇ ಬಂದಳು. "ಏನವ್ವಾ ಇದು, ಮನಿ ತುಂಬ ವಾಸನಿ!" ಅಂದಳು. "ವಾಸನಿ ಅಲ್ಲವ್ವ, ನಮ್ಮ ಆಯಿ ಬಂದಾಳ," ಅಂದೆ. ಹೊರಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ನನ್ನ ಅವ್ವ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಮೊಣಕಾಲ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿದಳು. ನೋವು ಮುಚ್ಚಿಡುವುದರಲ್ಲಿ ಈ ಮುದುಕಿಯನ್ನು ಮೀರಿಸುವವರಿಲ್ಲ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ನಮ್ಮ ಮನೆ ಶಹಾಪುರದಿಂದ ಗೋಗಿಯ ಕಡೆ ಹೋಗುವ ಹಾದಿಯ ಒಂದು ಹಳ್ಳಿಯಲ್ಲಿತ್ತು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮುಂದೆ ಅಂಗಳ, ಅಂಗಳದ ಪಕ್ಕಕ್ಕೇ ಮುಳ್ಳುಬೇಲಿಯ ಕುರಿದೊಡ್ಡಿ. ಬೆಳಗಿನಲ್ಲಿ ಕುರಿಗಳ ಕೂಗಿಗೇ ಎಚ್ಚರಾಗುತ್ತಿತ್ತು. ಆಯಿಯ ನೋವಿನೆಣ್ಣೆ ಊರಿಗೆಲ್ಲ ಗೊತ್ತು. ಹಳ್ಳದ ದಂಡೆಯಿಂದ ಲಕ್ಕಿ ಸೊಪ್ಪು ತಂದು, ಒರಳಲ್ಲಿ ಜಜ್ಜಿ ರಸ ಹಿಂಡಿ, ಎಳ್ಳೆಣ್ಣೆಗೆ ಸ್ವಲ್ಪ ಔಡಲೆಣ್ಣೆ ಸೇರಿಸಿ, ಸಣ್ಣ ಉರಿಯ ಮೇಲೆ ಕುದಿಸುತ್ತಿದ್ದಳು. ಅವಸರ ಅನ್ನುವುದು ಅವಳ ಹತ್ತಿರ ನಡೆಯುತ್ತಿರಲಿಲ್ಲ. ಕೊನೆಗೆ ಹತ್ತಿಯ ಬತ್ತಿಯೊಂದನ್ನು ಎಣ್ಣೆಯಲ್ಲಿ ಅದ್ದಿ ದೀಪಕ್ಕೆ ಹಿಡಿಯುವಳು. ಚಟಪಟ ಅಂದರೆ ಇನ್ನೂ ನೀರಿನಂಶವಿದೆ. ಸದ್ದಿಲ್ಲದೆ ಉರಿದರೆ ಎಣ್ಣೆ ಪಕ್ಕಾ. ಆಮೇಲೆ ಇಳಿಸಿ, ಒಂದಿಷ್ಟು ಕರ್ಪೂರ ಪುಡಿ ಮಾಡಿ ಹಾಕುವಳು.

ಆದರೆ ಆ ಎಣ್ಣೆ ಮೊದಲು ಮನುಷ್ಯರಿಗೆ ಸಿಗುತ್ತಿರಲಿಲ್ಲ. ಬೋಗುಣಿ ಹಿಡಿದು ಆಯಿ ನೇರ ದೊಡ್ಡಿಗೆ ಹೋಗುವಳು. ಕುಂಟುವ ಕುರಿಯನ್ನು ಹುಡುಕಿ, ಅದರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ ಮೇಲೆಯೇ ಉಳಿದವರ ಪಾಳಿ. ಕುರಿ ಹಿಂದೆ ಊರೂರು ತಿರುಗಿ ಕಾಲು ಬಾತುಕೊಂಡು ಬಂದ ಅಪ್ಪನೂ ಕಟ್ಟೆಯ ಮೇಲೆ ಕಾಯುತ್ತ ಕೂಡಬೇಕು. "ನನಗಿಂತ ನಿನಗ ಕುರೀನೇ ಹೆಚ್ಚಾತೇನಬೇ?" ಅಂತ ಗೊಣಗಿದರೆ ಆಯಿಯ ಉತ್ತರ ತಯಾರು: "ನಿನಗ ನೋವಾದ್ರ ಓಣಿ ತುಂಬ ಒದರತೀ. ಅದಕ್ಕ ಬಾಯಿ ಅದ ಏನು? ಬಾಯಿಲ್ಲದ್ದಕ್ಕ ಮೊದಲು."

ಅಷ್ಟರಲ್ಲಿ ಕಾಲುವೆ ಬಂತು. ನಾರಾಯಣಪುರದ ನೀರು ನಮ್ಮ ಎರೆಹೊಲಕ್ಕೆ ಹರಿದ ದಿನ ಊರಿಗೂರೇ ದಂಡೆಯ ಮೇಲೆ ನಿಂತಿತ್ತು. ಆಯಿಯೂ ನೀರಿಗೆ ಅರಿಷಿಣ ಕುಂಕುಮ ಹಾಕಿ ಕೈಮುಗಿದಳು. ಎರಡು ಸುಗ್ಗಿ ಕಳೆಯುವುದರೊಳಗೆ ಕುರಿ ಮೇಯುತ್ತಿದ್ದ ಬೀಳೆಲ್ಲ ಭತ್ತದ ಮಡಿಯಾಯಿತು. ಇನ್ನು ಕುರಿಗಳನ್ನು ಎಲ್ಲಿ ಮೇಯಿಸುವುದು? ಅಪ್ಪ ಮಾರೋಣವೆಂದ. ಅವ್ವ ಹೂಂ ಎಂದಳು. ಆಯಿ ಮಾತ್ರ ಒಪ್ಪಲಿಲ್ಲ, ಆದರೂ ಕುರಿಗಳು ಹೋದವು. ಅಂದಿನಿಂದ ಆಯಿ ಎಣ್ಣೆಯ ಬೋಗುಣಿಯನ್ನು ಅಟ್ಟದ ಮೇಲೆ ಬೋರಲು ಹಾಕಿದಳು. ಯಾರಾದರೂ ಕೇಳಿಕೊಂಡು ಬಂದರೆ, "ಯಾರಿಗೆ ಕಾಸ್ಲಿ? ಮೊದಲ ಹಚ್ಚಿಸ್ಕೊಳ್ಳೋ ಜೀವಾನೇ ಮನ್ಯಾಗಿಲ್ಲ," ಎಂದು ಬಾಗಿಲಿಂದಲೇ ಕಳಿಸುತ್ತಿದ್ದಳು. ಹೂಂ ಎಂದಿದ್ದ ಸೊಸೆಯ ಜೊತೆ ಮಾತೂ ಬಿಟ್ಟಳು. ಖಾಲಿ ದೊಡ್ಡಿಯ ಬಾಯಿಗೆ ಕಂಬಳಿ ಹಾಸಿಕೊಂಡು ಕೂತರೆ ಊಟಕ್ಕೂ ನಾನೇ ಕರೆಯಬೇಕಿತ್ತು. ಅತ್ತೆ ಸೊಸೆಯರ ನಡುವೆ ಸುದ್ದಿ ಸಾಗಿಸಿ ಸಾಗಿಸಿ ನನಗೆ ಸಾಕುಬೇಕಾಗಿ ಹೋಗಿತ್ತು.

ನಮ್ಮ ಹೊಲದಲ್ಲಿ ಮೊದಲ ನಾಟಿ. ಜೋಳದ ಹೊಲದಲ್ಲಿ ಬೆಳೆದ ಅವ್ವನಿಗೆ ಕೆಸರು ಹೊಸದು. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ಹೆಂಗಸರು ಬಂದು ಕಲಿಸಿದರು. ಅವರು ಬಗ್ಗಿದರೆ ಸಾಲು ಮುಗಿಯುವವರೆಗೆ ತಲೆ ಎತ್ತುವವರಲ್ಲ. ಅವ್ವನಿಗೆ ಹಟ, ಅವರ ಸಮಕ್ಕೆ ಬಗ್ಗಿದಳು. ಸಂಜೆ ಮನೆಗೆ ಬಂದವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಕೆಳಗೆ ಬಿದ್ದ ಚಮಚವನ್ನು ಕಾಲ್ಬೆರಳಲ್ಲಿ ಎತ್ತಿಕೊಳ್ಳುತ್ತಿದ್ದಳು. "ನೋಯ್ತದೇನವ್ವಾ?" ಅಂದರೆ, "ಏನಾಗಿಲ್ಲ, ಸುಮ್ಕಿರು." ಆಯಿ ಎಲ್ಲ ನೋಡುತ್ತಿದ್ದಳು. ನೋಡಿ ಮುಖ ಆಚೆ ತಿರುಗಿಸುತ್ತಿದ್ದಳು. ನನಗೆ ಆಯಿಯ ಮೇಲೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಅಟ್ಟ ಹತ್ತಿ ಆ ಬೋಗುಣಿಯನ್ನು ಅವಳ ಮುಂದೆಯೇ ಕುಕ್ಕಬೇಕು ಅನ್ನಿಸುತ್ತಿತ್ತು.

ಒಂದು ಬೆಳಗ್ಗೆ ರೊಟ್ಟಿ ಬಡಿದು ಮುಗಿಸಿ ಅವ್ವ ಒಲೆಯ ಮುಂದಿನಿಂದ ಏಳಲು ಹೋದಳು. ಬೆನ್ನು ಅರ್ಧಕ್ಕೇ ಹಿಡಿದುಕೊಂಡಿತು. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ಅಪ್ಪ ಆಗಲೇ ಹೊಲಕ್ಕೆ ಹೋಗಿದ್ದ. ನಾನು ಅಳತೊಡಗಿದೆ. ಅವ್ವ ಮಾತ್ರ ಎರಡೂ ಕೈ ನೆಲಕ್ಕೆ ಊರಿ, ಅಂಬೆಗಾಲಲ್ಲಿ ಹೊಸ್ತಿಲು ದಾಟಿದಳು. ಅಂಗಳ ದಾಟಿದಳು. ದೊಡ್ಡಿಯ ಬಾಯಲ್ಲಿ ಕೂತಿದ್ದ ಆಯಿಯ ಮುಂದೆ ಹೋಗಿ ನಿಂತು, ಕತ್ತು ಎತ್ತಿ, "ಬ್ಯಾ..." ಎಂದಳು.

ಆಯಿ ಕಣ್ಣು ಕಣ್ಣು ಬಿಟ್ಟಳು.

"ಕುರಿ ಹೋದ್ವು ಅಂತೀರಲ್ರೀ ಅತ್ತಿ, ಒಂದು ಉಳದದ ನೋಡ್ರಿ. ನಾಕೂ ಕಾಲು ಅವ," ಎಂದಳು ಅವ್ವ.

"ಏಳು ಮ್ಯಾಲ, ಹುಚ್ಚಿ! ಮಂದಿ ನೋಡ್ತಾರ!"

"ಏಳಾಕ ಬರಂಗಿದ್ರ ನಾ ಯಾಕ ಕುರಿ ಆಗ್ತಿದ್ದೆ?"

ಆಯಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅವ್ವನೂ ನಕ್ಕಳು, ನಗುವಾಗ ಬೆನ್ನು ಹಿಡಿದು, "ಅಯ್ಯಯ್ಯಪ್ಪಾ" ಎಂದು ಅಳುವಿಗೇ ಇಳಿದಳು. ಆಯಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. "ಇಷ್ಟು ನೋವಿಟ್ಕೊಂಡು ಬಾಯಿ ಬಿಡಲಿಲ್ಲಲ್ಲ ಖೋಡಿ, ನನಗ ಹೇಳಬಾರದಾಗಿತ್ತೇನು?" ಎಂದಳು. "ನೀವು ನನ್ನ ಕೂಡ ಮಾತಾಡ್ತಿದ್ರೇನ್ರೀ?" ಎಂದಳು ಅವ್ವ. ಆಯಿ ನನ್ನ ಕಡೆ ತಿರುಗಿ, "ಏ, ಏನ್ ನೋಡ್ತಾ ನಿಂತೀ? ಹಳ್ಳಕ್ಕ ಓಡು, ಲಕ್ಕಿ ತಪ್ಪಲ ತಾ," ಎಂದು ಗದರಿದಳು.

ಅಂದು ನಾನು ಓಡಿದಷ್ಟು ಮತ್ತೆಂದೂ ಓಡಿಲ್ಲ. ಬತ್ತಿ ಸದ್ದಿಲ್ಲದೆ ಉರಿದ ಮೇಲೆ ಆಯಿ ಬೋಗುಣಿ ಹಿಡಿದು, ರೂಢಿಯಂತೆ ದೊಡ್ಡಿಯ ಕಡೆಗೇ ಹೋದಳು. ಕಂಬಳಿಯ ಮೇಲೆ ಅವ್ವನನ್ನು ಬೋರಲು ಮಲಗಿಸಿ, ಕುರಿಯ ಕಾಲು ತಿಕ್ಕಿದ ಆ ಕೈಗಳಿಂದಲೇ ಅವಳ ಬೆನ್ನು ತಿಕ್ಕಿದಳು. ಅವ್ವ ಅಲ್ಲೇ ನಿದ್ದೆ ಹೋದಳು.

ಆಮೇಲೆ ನಾಟಿ ಬಂತೆಂದರೆ ಸಂಜೆಯ ಹೊತ್ತು ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕ್ಯಾಂಪಿನ ಹೆಂಗಸರೂ ಬರುತ್ತಿದ್ದರು; ಅವರ ತೆಲುಗು ಆಯಿಗೆ ಅರ್ಥವಾಗದು, ಬೆನ್ನು ಅರ್ಥವಾಗುತ್ತಿತ್ತು. ಹಾಯ್ ಹೂಯ್ ಎನ್ನುವವರನ್ನೆಲ್ಲ ಕೂಡಿಸಿ, ಮೂಲೆಯಲ್ಲಿ ಸುಮ್ಮನೆ ನಿಂತವಳನ್ನು ಮೊದಲು ಕರೆಯುತ್ತಿದ್ದಳು. ಆಯಿ ಹಾಸಿಗೆ ಹಿಡಿದಾಗ ಎಣ್ಣೆ ಕಾಸಿ ತಿಕ್ಕಿದವಳು ಅವ್ವ. ಈಗ ಆಯಿ ಇಲ್ಲ, ಅಪ್ಪನೂ ಇಲ್ಲ. ದೊಡ್ಡಿ ಇದ್ದಲ್ಲಿ ಯಾರದೋ ಟ್ರ್ಯಾಕ್ಟರು ನಿಲ್ಲುತ್ತದೆ. ಊರಿಗೆ ಹೋದರೆ ಆ ಕಡೆ ನೋಡಲು ನನಗೆ ಮನಸ್ಸಾಗುವುದಿಲ್ಲ.

ಭಾನುವಾರ ಬತ್ತಿ ಹಚ್ಚಿ ನೋಡಿದೆ. ಮೊದಲು ಚಟಪಟ ಅಂದಿತು, ಕಾದೆ. ಎರಡನೆಯ ಸಲ ತಣ್ಣಗೆ ಉರಿಯಿತು. ಮಗಳು ಮೂಗು ಬಿಟ್ಟು ಬಗ್ಗಿ ನೋಡುತ್ತಿದ್ದಳು, ಬೋಗುಣಿಯನ್ನು ಅವಳ ಕೈಗೇ ಕೊಟ್ಟೆ. ಇಬ್ಬರೂ ಅವ್ವನ ಮುಂದೆ ಕೂತೆವು.

"ಎಲ್ಲಿ ನೋಯ್ತದವ್ವಾ?"

"ಎಲ್ಲೂ ಇಲ್ಲ ತಗಿ. ನೀ ಹಚ್ಕೋ, ದಿನಾ ನಿಂತು ಪಾಠ ಹೇಳ್ತೀ."

"ಮೊದಲ ಎಣ್ಣಿ ಕುರಿಗೆ ಅಲ್ಲೇನು?" ಅಂದೆ.

ಅವ್ವ ನನ್ನನ್ನು ನೋಡಿದಳು. ಮೊಮ್ಮಗಳ ಕೈಯಲ್ಲಿದ್ದ ಬೋಗುಣಿ ನೋಡಿದಳು. ಸೀರೆ ಸರಿಸಿ, ಮೊಣಕಾಲು ಬಾತ ಕಾಲನ್ನು ನಿಧಾನಕ್ಕೆ ಹುಡುಗಿಯ ತೊಡೆಯ ಮೇಲೆ ಚಾಚಿದಳು. ಆಮೇಲೆ ಕತ್ತು ಎತ್ತಿ, ಹಲ್ಲಿಲ್ಲದ ಬಾಯಿ ತೆರೆದು, "ಬ್ಯಾ..." ಎಂದಳು.