ಎರಡು ಮಾರು ದಾರ

ಗೋಪನಕೊಪ್ಪದ ಗುರುಸಿದ್ದಯ್ಯನವರ ಮನೆಗೆ ಬಂದವರು ಮೊದಲು ಕಾಲು ತೊಳೆದುಕೊಂಡು, ಆಮೇಲೆ ಅವರ ಪಾದಕ್ಕೆ ಹಣೆ ಹಚ್ಚುತ್ತಿದ್ದರು. ಅಂಥ ಜಂಗಮರ ಮನೆಯ ಹಿರಿಯ ಮಗ ಶಂಭುಲಿಂಗನು ಪ್ರತಿ ರವಿವಾರ ಉಣಕಲ್ ಕೆರೆಯ ದಂಡೆಯಲ್ಲಿ ಮೀನು ಹಿಡಿಯಲು ಕೂಡುತ್ತಿದ್ದನೆಂದರೆ ಓಣಿಯ ಜನ ಸುಮ್ಮನಿರುವರೆ?

“ಕೊರಳಾಗ ಲಿಂಗ, ಕೈಯಾಗ ಗಾಳ!” ಎಂದು ಕಟ್ಟೆಯ ಮೇಲಿನ ಮುದುಕರು ಅವನ ಸೈಕಲ್ಲಿನ ಬೆನ್ನಿಗೆ ಕೂಗುತ್ತಿದ್ದರು.

ಶಂಭುಲಿಂಗನು ರೈಲ್ವೆ ಶೆಡ್ಡಿನಲ್ಲಿ ಗುಮಾಸ್ತ. ಮೃದು ಮಾತಿನವನು, ಮುತ್ತಿನಂಥ ಅಕ್ಷರದವನು. ಮೀನನ್ನು ಅವನು ತಿನ್ನುತ್ತಿರಲಿಲ್ಲ. ಹಿಡಿದದ್ದನ್ನು ನೀರಿಗೇ ಬಿಡುತ್ತಿದ್ದನು. ಇದನ್ನು ಹೇಳಿಕೊಂಡರೆ ಮನೆಯಲ್ಲಿ ಕ್ಷಮೆ ಸಿಕ್ಕೀತೆಂದು ಒಮ್ಮೆ ಹೆಂಡತಿ ಶಿವಬಸವ್ವನ ಮುಂದೆ ಬಾಯಿಬಿಟ್ಟನು.

“ತಿಂದಿದ್ರ ಹಸಿವು ಅಂತಾದ್ರೂ ಅನಬಹುದಿತ್ರಿ,” ಎಂದಳು ಆಕೆ. “ಆಟಕ್ಕಂತ ಬಾಯಿ ಹರಿಯೂದು ಯಾವ ಧರ್ಮರಿ?”

ಅಂದಿನಿಂದ ಅವನ ಊಟದ ತಾಟು ಹಿತ್ತಲ ಬಾಗಿಲ ಬಳಿಗೆ ಬಂದಿತು. ರವಿವಾರವಷ್ಟೇ ಅಲ್ಲ, ವಾರವಿಡೀ. ತಂದೆಯಂತೂ ಮಾತನ್ನೇ ಬಿಟ್ಟಿದ್ದರು.

ಈ ಹುಚ್ಚು ಹತ್ತಿಸಿದವರು ಶೆಡ್ಡಿನ ಒಬ್ಬ ಆಂಗ್ಲೋ-ಇಂಡಿಯನ್ ಡ್ರೈವರ್ ಸಾಹೇಬರು. ತೊಂಬತ್ತೊಂದರಲ್ಲಿ ಊರು ಬಿಡುವಾಗ ತಮ್ಮ ಬಳುಕುವ ಕೋಲನ್ನೂ ಅದರ ದಾರವನ್ನೂ ಶಂಭುಲಿಂಗನಿಗೆ ಕೊಟ್ಟು ಹೋದರು. ಅದು ಸಾಮಾನ್ಯ ದಾರವಲ್ಲ. ತನ್ನ ತೂಕಕ್ಕೆ ತಾನೇ ನೀರಿನ ತಳಕ್ಕೆ ಇಳಿಯುವಂಥದು. ಅದರ ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ನೈಲಾನ್ ಎಳೆ, ಎಳೆಯ ತುದಿಗೆ ಹಕ್ಕಿಗರಿ ಸುತ್ತಿ ನೊಣದಂತೆ ಮಾಡಿದ ಗಾಳ. ಎರೆಹುಳ ಚುಚ್ಚುವ ಹಿಂಸೆಯಿಲ್ಲವೆಂಬುದೇ ಶಂಭುಲಿಂಗನಿಗೆ ಹಿಡಿಸಿದ್ದು. ಗಿಡದ ಬುಡದಲ್ಲಿ ಬಿದ್ದ ಗರಿಗಳನ್ನಷ್ಟೇ ಆರಿಸಿ ತಂದು ಸುತ್ತುತ್ತಿದ್ದನು.

“ಎಳೆ ಎಷ್ಟುದ್ದ ಇರಬೇಕೆಂದು ಯಮನಪ್ಪನನ್ನು ಕೇಳು, ಅವನು ನನ್ನ ಸಂಗಡ ಕೆರೆಗೆ ಬಂದು ನೋಡಿದ್ದಾನೆ,” ಎಂದು ಸಾಹೇಬರು ಹೇಳಿಹೋಗಿದ್ದರು.

ಯಮನಪ್ಪನು ಶೆಡ್ಡಿನ ಖಲಾಸಿ. ರಾಯಾಪುರದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಮೆಹಬೂಬನ ಜೊತೆಗೆ ರವಿವಾರ ಹುಳ ಚುಚ್ಚಿ ಗಾಳ ಹಾಕುವವನು. ಕೇಳಿದ ಕೂಡಲೇ ಎರಡೂ ಕೈ ಅಗಲಿಸಿ ತೋರಿಸಿದನು.

“ಹಿಂಗ ಎರಡು ಮಾರು ಕಟ್ರಿ ಅಯ್ನಾರ. ದಪ್ಪ ದಾರ ಮೀನದ ಕಣ್ಣಿಗೆ ಬೀಳಬಾರದು ನೋಡ್ರಿ.”

ಶಂಭುಲಿಂಗನು ಹಾಗೆಯೇ ಕಟ್ಟಿದನು. ಹತ್ತು ಹನ್ನೊಂದು ವರ್ಷ ಹಾಗೆಯೇ ಕಟ್ಟಿದನು. ಅದೇ ದಂಡೆಯಲ್ಲಿ ಅವರಿಬ್ಬರೂ ಮೊಳದುದ್ದದ ಕಟ್ಲಾ ಮೀನುಗಳನ್ನು ಚೀಲಕ್ಕೆ ತುಂಬುವಾಗ ಅವನ ಗಾಳಕ್ಕೆ ಬೆರಳುದ್ದದ ಮರಿಯೊಂದು ಆಗೊಮ್ಮೆ ಈಗೊಮ್ಮೆ ಸಿಗುತ್ತಿತ್ತು.

“ಅಯ್ನಾರ, ಇದಕ್ಕಿನ್ನೂ ಜವಳ ತಗದಿಲ್ರಿ, ಅವ್ವನ ಕಡೆ ಕಳಸ್ರಿ,” ಎನ್ನುವನು ಯಮನಪ್ಪ.

“ಹೆಸರಿಡಾಕ ಕರದಿರಬೇಕಲೇ ಅಯ್ನಾರನ್ನ,” ಎನ್ನುವನು ಮೆಹಬೂಬ.

ನಗೆ ಮುಗಿದ ಮೇಲೆ ಮೆಹಬೂಬನು ಥರ್ಮಾಸಿನ ಮುಚ್ಚಳದಲ್ಲಿ ಚಹಾ ಕೊಡುವನು. ಪೇಪರಿನ ಮೇಲೆ ಹರಡಿದ ಚುರಮುರಿಗೆ ಮೂರು ಕೈಗಳು ಒಟ್ಟಿಗೆ ಹೋಗುವವು. ವಾರದಲ್ಲಿ ಅದೊಂದೇ ಹೊತ್ತು ಶಂಭುಲಿಂಗನು ಇನ್ನೊಬ್ಬರ ಮಗ್ಗುಲಲ್ಲಿ ಕುಳಿತು ತಿನ್ನುತ್ತಿದ್ದುದು. ಒಂದು ದೊಡ್ಡ ಮೀನು ಹಿಡಿಯಬೇಕು, ಈ ಇಬ್ಬರ ಎದುರಿಗೇ ಹಿಡಿಯಬೇಕು, ಅವರು “ಭಲೇ” ಎನ್ನಬೇಕು. ಅವನಿಗಿದ್ದ ಆಸೆ ಇಷ್ಟೇ.

ಎರಡು ಸಾವಿರದ ಎರಡರ ಚಳಿಗಾಲದಲ್ಲಿ ಒಂದು ರವಿವಾರ, ನೀರೊಳಗಿನ ಜಾಲಿಕಂಟಿಗೆ ಅವನ ಗಾಳ ಸಿಕ್ಕಿಬಿದ್ದು ಎಳೆ ಹರಿಯಿತು. ಬೇರೆ ನೈಲಾನ್ ಜೇಬಿನಲ್ಲಿರಲಿಲ್ಲ. ಉಳಿದಿದ್ದ ಎರಡು ಮೊಳದ ತುಂಡಿಗೇ ಹೊಸ ಗಾಳ ಕಟ್ಟಿ, ಇವತ್ತಿನ ದಿನ ಹೋದಂತೆಯೇ ಎಂದುಕೊಂಡು ಬೀಸಿದನು. ದಾರ ತಳ ಮುಟ್ಟುವಷ್ಟು ಹೊತ್ತು ಕಾದು ಎಳೆದನೋ ಇಲ್ಲವೋ, ಕೋಲು ಬಿಲ್ಲಿನಂತೆ ಬಾಗಿತು.

ಏದುಸಿರು ಬಿಡುತ್ತ ಅವನು ದಂಡೆಗೆ ತಂದದ್ದು ತೋಳುದ್ದದ ರೋಹು ಮೀನು. ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮದುವೆಯ ಗಂಡಿನಂತೆ ಗೆಳೆಯರ ಕಡೆಗೆ ತಿರುಗಿದನು. ಯಮನಪ್ಪ ತಲೆಯೆತ್ತದೆ ಬೀಡಿ ಹೊತ್ತಿಸಿದನು. ಮೆಹಬೂಬನಿಗೆ ನಗೆ ತಡೆಯಲಾಗಲಿಲ್ಲ.

“ಮುಗೀತಲೇ ಯಮನ್ಯಾ ನಿನ್ನ ನಾಟಕ! ಅಯ್ನಾರಿಗೆ ಎರಡು ಮೊಳದ ಲೆಕ್ಕಾ ಗೊತ್ತಾತು!”

“ಎರಡು ಮೊಳ ಅಂದ್ರ?” ಎಂದನು ಶಂಭುಲಿಂಗ.

ಯಮನಪ್ಪ ಹೊಗೆ ಬಿಟ್ಟನು. “ಸಾಹೇಬ್ರು ಹೇಳಿದ್ದು ಎರಡು ಮೊಳರಿ. ಮುಳುಗೂ ದಾರಕ್ಕ ತುದಿ ಗಿಡ್ಡ ಇರಬೇಕು. ಉದ್ದ ಕಟ್ಟಿದ್ರ ದಾರ ತಳಕ್ಕ ಕೂಡತೈತಿ, ಗಾಳ ಮ್ಯಾಲ ಉಳೀತೈತಿ. ಇಷ್ಟು ವರ್ಷ ನಿಮ್ಮ ನೊಣ ಮೀನದ ತಲಿ ಮ್ಯಾಗ ಗಾಳಿ ತಿನ್ನಾಕ ಹೋಗಿತ್ರಿ.”

“ಗೊತ್ತಿದ್ದೂ ಹಂಗ್ಯಾಕ ಹೇಳಿದ್ಯೋ ಯಮನಪ್ಪಾ?”

“ನಿಮಗ ಪಾಪ ತಟ್ಟಬಾರದಂತರಿ! ಜಂಗಮರ ಕೈಲೆ ಜೀವ ಹೋಗಬಾರದು ನೋಡ್ರಿ. ಇಷ್ಟು ವರ್ಷ ನಿಮ್ಮನ್ನ ಪಾಪದಿಂದ ಕಾಯ್ದೇವಿ, ಪುಣ್ಯಾ ನಮಗ ಬರಬೇಕು.”

ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಶಂಭುಲಿಂಗನು ಕೈಯಲ್ಲಿದ್ದುದನ್ನು ಮರೆತೇ ನಿಂತಿದ್ದನು. ನೆನಪಾಗಿ ಕೆಳಗೆ ನೋಡಿದಾಗ ರೋಹುವಿನ ಬಾಯಿ ಆಡುವುದು ನಿಂತಿತ್ತು. ಅವಸರದಿಂದ ನೀರಿಗೆ ಬಿಟ್ಟನು. ಅದು ಹೊಟ್ಟೆ ಮೇಲಾಗಿ ತೇಲುತ್ತ ಮತ್ತೆ ಅವನ ಕಾಲಿನ ಬಳಿಗೇ ಬಂದಿತು. ಎತ್ತಿಕೊಂಡು ಹೋಗಿ ಯಮನಪ್ಪನ ಮುಂದೆ ಹಿಡಿದನು.

“ಸತ್ತೈತಿ. ನೀನರೆ ತಗೋ, ಮನ್ಯಾಗ ಅಡಗಿ ಮಾಡಿಸು.”

“ಭಿಕ್ಷಾ ಬೇಡೂದು ನಿಮ್ಮ ಮನಿತನದ ಕೆಲಸರಿ, ನಮ್ಮದಲ್ಲ,” ಎಂದು ಯಮನಪ್ಪ ಮುಖ ತಿರುಗಿಸಿದನು.

ಮುಂದಿನ ರವಿವಾರಗಳಲ್ಲಿ ಶಂಭುಲಿಂಗನು ಎರಡೇ ಮೊಳ ಕಟ್ಟಿದನು. ಮೀನು ಸಿಕ್ಕವು, ದೊಡ್ಡವೇ ಸಿಕ್ಕವು. ತಾವು ಹಿಡಿದದ್ದಕ್ಕಿಂತ ದಪ್ಪನಾದುದನ್ನು ಆತನು ತಮ್ಮ ಕಣ್ಣೆದುರೇ ನೀರಿಗೆ ಬಿಡುವುದನ್ನು ಅವರಿಬ್ಬರಿಗೂ ನೋಡಲಾಗಲಿಲ್ಲ. ಸೊಕ್ಕು ನೋಡು ಎಂದರು. ಚೀಲ, ಥರ್ಮಾಸು ಎತ್ತಿಕೊಂಡು ಕೆರೆಯ ಆಚೆಯ ದಂಡೆಗೆ ಹೋಗಿ ಕುಳಿತರು. ಶಂಭುಲಿಂಗನು ಒಂದು ಸಲ ಆಚೆಗೂ ಹೋದನು. ಅವರು ಮತ್ತೆ ಈಚೆಗೆ ಬಂದರು. ನೀರಿನ ಮೇಲಿಂದ ಅವರ ನಗೆ ಕೇಳಿಬರುತ್ತಿತ್ತು. ಯಾರೂ ನೋಡದ ಮೀನುಗಳನ್ನು ಹಿಡಿದು ಬಿಟ್ಟು ಮನೆಗೆ ಬಂದರೆ, ಹಿತ್ತಲ ಬಾಗಿಲಲ್ಲಿ ತಾಟು ಮುಚ್ಚಿಟ್ಟಿರುತ್ತಿತ್ತು.

ಹೋಳಿ ಹುಣ್ಣಿಮೆ ಕಳೆದ ರವಿವಾರ ಶಂಭುಲಿಂಗನು ನೇರವಾಗಿ ಅವರಿಬ್ಬರು ಕುಳಿತಲ್ಲಿಗೆ ನಡೆದುಹೋಗಿ ಕೋಲನ್ನು ಯಮನಪ್ಪನ ಮುಂದೆ ಇಟ್ಟನು. ದಾರದ ತುದಿಗೆ ಹೊಸ ನೈಲಾನ್ ಎಳೆ ಉದ್ದಕ್ಕೆ ಜೋಲುತ್ತಿತ್ತು.

ಯಮನಪ್ಪನು ಎಳೆಯನ್ನು ನೋಡಿದನು, ಶಂಭುಲಿಂಗನ ಮುಖವನ್ನು ನೋಡಿದನು. ಆಮೇಲೆ ಎದ್ದು ನಿಂತು, ಎರಡೂ ಕೈ ಅಗಲಿಸಿ, ಬಟ್ಟೆ ಅಂಗಡಿಯವನಂತೆ ಅಳೆದನು.

“ಎರಡು ಮಾರಿಗೆ ಒಂದು ಮೊಳ ಕಡಿಮಿ ಬಿತ್ರಿ ಅಯ್ನಾರ. ಕಟ್ರಿ ಇನ್ನಷ್ಟು.”

ಶಂಭುಲಿಂಗನು ಅವರ ಮಗ್ಗುಲಲ್ಲಿ ಕುಳಿತು, ಜೇಬಿನಿಂದ ನೈಲಾನ್ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಗಂಟು ಹಾಕತೊಡಗಿದನು.

“ಲೇ ಮೆಹಬೂಬ, ಅಯ್ನಾರಿಗೆ ಚಾ ಹಾಕೋ,” ಎಂದನು ಯಮನಪ್ಪ.