ನನ್ನ ಕೂದಲಿನ ಯಂತ್ರ

ಮದುವೆಯಾಗಿ ಧಾರವಾಡದಿಂದ ಪುಣೆಗೆ ಹೊರಟಾಗ ಅತ್ತೆ ನನಗೆ ಹೇಳಿದ್ದು ಒಂದೇ ಮಾತು. "ಅವಂದು ಭಾಳ ಸೂಕ್ಷ್ಮ ಮೈ ಅದವಾ, ಥಂಡಿ ತಡಿಯೂದಿಲ್ಲ. ನೋಡ್ಕೋ." ನೋಡಿಕೊಂಡೆ. ಕಿವಿಗೆ ಮಫ್ಲರ್ ಸುತ್ತಿ, ಶುಂಠಿ ಕಷಾಯ ಕುಡಿಸಿ, ಕೂಸಿನ ಹಾಗೆ ನೋಡಿಕೊಂಡೆ. ನನ್ನದೇನು ಸೂಕ್ಷ್ಮ ಎಂದು ಯಾರೂ ಕೇಳಲಿಲ್ಲ.

ನನ್ನ ಗಂಡ ಹವಾಮಾನದ ಕಚೇರಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದರು. ಗಾಳಿಯ ತೇವ ಅಳೆಯುವ ಒಂದು ಯಂತ್ರದ ಒಳಗೆ ಇರುವುದು ಮನುಷ್ಯರ ಕೂದಲಂತೆ. ತೇವ ತಾಗಿದರೆ ಕೂದಲು ಉದ್ದವಾಗುತ್ತದೆ, ಅದಕ್ಕೆ ಕಟ್ಟಿದ ಮುಳ್ಳು ಸರಿಯುತ್ತದೆ. ಅಂಥದೊಂದನ್ನು ಮನೆಯಲ್ಲೇ ಮಾಡುವ ಹುಚ್ಚು ಅವರಿಗೆ ಹತ್ತಿತು. ಒಂದು ದಿನ ತಲೆ ಬಾಚಿಕೊಂಡು, ಉದುರಿದ ಕೂದಲನ್ನು ಸುತ್ತಿ ಎಸೆಯಲು ಎದ್ದಿದ್ದೆ.

"ಒಗೀಬ್ಯಾಡ, ನನಗ ಕೊಡು," ಎಂದರು.

ಸ್ಪಿರಿಟ್ಟಿನಲ್ಲಿ ತೊಳೆದು ಎಣ್ಣೆಯ ಜಿಡ್ಡು ತೆಗೆದರು. ಒಂದೊಂದೇ ಎಳೆಯನ್ನು ಬೆರಳಲ್ಲಿ ಸವರಿ, ಎಲ್ಲಿ ತೆಳುವಾಗಿದೆ ಎಂದು ಕಣ್ಣು ಮುಚ್ಚಿಯೇ ಹೇಳುತ್ತಿದ್ದರು. "ಭಾಳ ಛಲೋ ಕೂದಲ ನಿಂದು," ಎಂದೂ ಹೊಗಳಿದರು. ಆ ಬೆರಳು ನನ್ನ ತಲೆಯ ಮೇಲೆ ಒಮ್ಮೆಯೂ ಆಡಿರಲಿಲ್ಲ. ನಗಬೇಡಿ, ಉದುರಿದ ಕೂದಲಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಆ ಬೇಸಿಗೆಯಲ್ಲಿ ನನ್ನ ತಾಯಿ ತೀರಿಕೊಂಡಿದ್ದಳು. ಕರ್ಮಾಂತರ ಮುಗಿಸಿ ಪುಣೆಗೆ ಮರಳಿದ ಮೇಲೆ ಒಮ್ಮೆ ಗಂಡನೆದುರು ಅತ್ತುಬಿಟ್ಟೆ. "ಎಲ್ಲಾ ಭಾಳ ಮನಸಿಗೆ ಹಚ್ಕೋತೀ ನೀ," ಎಂದು ಪೇಪರ್ ತಿರುವಿದರು. ಮತ್ತೆ ಅಳಲಿಲ್ಲ. ನಾವಿದ್ದ ವಾಡೆ ಒಂದು ದೊಡ್ಡ ವಠಾರ, ಅಲ್ಲಿಯ ಹೆಂಗಸರು ಒಳ್ಳೆಯವರೇ. ಆದರೆ ನನ್ನ ಮರಾಠಿ ತರಕಾರಿ ಕೊಳ್ಳುವಷ್ಟಿತ್ತು, ಅವ್ವನ ಮಾತಾಡುವಷ್ಟಿರಲಿಲ್ಲ.

ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆದೊಯ್ಯಲು ತವರಿನಿಂದ ಅಣ್ಣ ಬರುವುದು ನಮ್ಮ ಕಡೆಯ ರೂಢಿ. ಆ ವರ್ಷ ಅಣ್ಣ ಬರಲಿಲ್ಲ. ಸಾವಾದ ಮನೆಯಲ್ಲಿ ವರ್ಷದೊಳಗೆ ಹಬ್ಬವಿಲ್ಲ, ನಿಜ. ನಾನು ಹೋಗಬೇಕಾಗಿದ್ದದ್ದು ಹಬ್ಬಕ್ಕಲ್ಲ, ಅಣ್ಣನ ಜೊತೆ ಕೂತು ಅಳಲಿಕ್ಕೆ. ಯಾಕೆ ಕರೆಯಲಿಕ್ಕೆ ಬರಲಿಲ್ಲ, ನಿನಗೆ ಹೇಗಾಗಿದೆ ಎಂದು ಗಂಡ ಒಂದು ಮಾತು ಕೇಳಿದ್ದರೂ ಸಾಕಿತ್ತು. ದಿನಾ ಕಾದೆ.

ಪಂಚಮಿಯ ಸಂಜೆ ಯಂತ್ರ ಸಿದ್ಧವಾಯಿತು. ಪೆಟ್ಟಿಗೆಯೊಳಗೆ ನನ್ನ ಕೂದಲು ಬಿಗಿಯಾಗಿ ನಿಂತಿತ್ತು. ನೋಡಲು ಮುಖ ಹತ್ತಿರ ಒಯ್ದೆ. ನನ್ನ ಜಡೆಗೆ ಎಣ್ಣೆ ಹಚ್ಚುತ್ತಿದ್ದ ಅವ್ವನ ಕೈ ನೆನಪಾಗಿ ಕಣ್ಣು ತುಂಬಿತು, ಉಸಿರು ಬಿಕ್ಕಿತು. ಮುಳ್ಳು ಮೆಲ್ಲಗೆ ಸರಿಯಿತು.

"ಸರೀತು, ನೋಡು!" ಎಂದು ಅವರು ಮುಂದೆ ಬಾಗಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಈಗ ನನ್ನ ಕಡೆ ನೋಡುತ್ತಾರೆ ಎಂದು ಕಣ್ಣು ಒರೆಸಿಕೊಳ್ಳದೆ ನಿಂತೆ. ಅವರು ಮುಳ್ಳನ್ನು ನೋಡಿದರು, ಗೋಡೆ ನೋಡಿದರು, ನನ್ನ ಭುಜದಾಚೆ ನೋಡಿದರು.

"ಎಲ್ಲಿಂದಲೋ ಥಂಡಿ ಗಾಳಿ ಬರ್ಲಿಕತ್ತದ," ಎಂದರು. "ಆ ಕಿಡಕಿ ಹಾಕು."

ಹಾಕಿದೆ. ಮಫ್ಲರನ್ನೂ ತಂದು ಕೊಟ್ಟೆ.