ಅನುಸೂಯಾ ಕೇಳಿ ಪಡೆದ ಅಪ್‌ಡೇಟ್

ಕೃಷ್ಣೆಯ ದಡದ ಊರು ಸತ್ತಿಯ ರೈತರ ಸಂಘವೊಂದರ ಪಂಪ್‌ಹೌಸಿನಲ್ಲಿ ಅನುಸೂಯಾ ನಾಲ್ಕು ವರ್ಷದಿಂದ ಆಪರೇಟರ್. ಕುರಿ ಸಾಕುವ ಮನೆತನದಲ್ಲಿ ಹುಟ್ಟಿ, ಹಟ ಹಿಡಿದು ಐಟಿಐ ಕಲಿತವಳು. ಕೃಷ್ಣೆ ಏರಿದರೆ ದಡದ ಮೋಟರುಗಳನ್ನು ಮೇಲೆತ್ತಬೇಕು. ತಡವಾದರೆ ಮುಳುಗಿದವೆಂದೇ ಅರ್ಥ. ಅದಕ್ಕೆಂದೇ ಸಂಘದವರು ಹೊಳೆಗೆ ಸೆನ್ಸರ್ ಹಾಕಿಸಿದ್ದರು. ಅದು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಅಳೆದು ಕ್ಲೌಡಿಗೆ ಕಳಿಸುತ್ತಿತ್ತು, ಅಲ್ಲಿಂದ ಎಲ್ಲರ ಫೋನಿಗೆ ಬರುತ್ತಿತ್ತು. ನಡುವಿನ ಉಸಾಬರಿಯೆಲ್ಲ ಪುಣೆಯ ಒಂದು ಕಂಪನಿಯದು.

ಜುಲೈನಲ್ಲಿ ಕಂಪನಿ ಹೊಸ ಸೌಲಭ್ಯ ಕೊಟ್ಟಿತು. ನೆಟ್‌ವರ್ಕ್ ಇಲ್ಲದಾಗಿನ ಅಳತೆಗಳು ಇನ್ನು ಕಳೆದುಹೋಗುವುದಿಲ್ಲ, ಆಮೇಲೆ ಬಂದು ಸೇರುತ್ತವೆ ಎಂದು.

ವಾರದೊಳಗೆ ಹೊಳೆ ಏರತೊಡಗಿತು. ಮುಂಜಾನೆ ಕೈಕೊಟ್ಟ ಮೊಬೈಲ್ ಟವರ್ ಮಧ್ಯಾಹ್ನ ಮರಳಿತು. ಫೋನಿನಲ್ಲಿ ಹನ್ನೆರಡು ಅಡಿ ಎಂದು ಬಂತು, ಪಕ್ಕದಲ್ಲಿ ಆಗಿನದೇ ಹೊತ್ತು. ಅನುಸೂಯಾ ದಡಕ್ಕಿಳಿದು ಗೋಡೆಗೆ ಬಳಿದ ಅಳತೆಪಟ್ಟಿ ನೋಡಿದಳು: ಹದಿನೇಳು! ಕೂಡಲೇ ಸಂಘದ ಚೇರಮನ್ ಭೀಮಗೊಂಡರಿಗೆ ಫೋನ್ ಮಾಡಿದಳು.

"ಹನ್ನೆರಡ ಐತಲ್ಲವಾ, ಯಾಕ ಗಾಬರಿ?" ಎಂದರು ಅವರು.

"ಅದು ಮುಂಜಾನಿದ್ರಿ ಕಾಕಾ, ಈಗ ಬಂದೈತಿ. ನೀವ ಬಂದು ಪಟ್ಟಿ ನೋಡ್ರಿ. ನಾ ಅಂತೂ ಮೋಟರ್ ಬಿಚ್ಚಾಕತ್ತೀನಿ."

ಭೀಮಗೊಂಡ ಬಂದರು, ನೋಡಿದರು, ಮೋಟರ್ ಎತ್ತುವ ಚೈನ್‌ಪುಲ್ಲಿಗೆ ಕೈ ಹಚ್ಚಿದರು. ಹೊತ್ತು ಮುಳುಗುವುದರೊಳಗೆ ಎರಡೂ ಮೋಟರು ಮೇಲಿದ್ದವು, ಅವು ಕೂತಿದ್ದ ಕಟ್ಟೆ ನೀರಿನಡಿಗಿತ್ತು.

ಮರುದಿನ ಅನುಸೂಯಾ ಕಂಪನಿಗೆ ಫೋನ್ ಹಚ್ಚಿದಳು. ಸಿಕ್ಕವನು ಕುನಾಲ, ನಿಪ್ಪಾಣಿ ಕಡೆಯ ಹುಡುಗ.

"ಸಿಸ್ಟಮ್ ಬರೋಬರ ಐತ್ರಿ ಅಕ್ಕಾ. ಬಂದದ್ದನ್ನ ತೋರಸ್ತೈತಿ."

"ಬಂದ ಹೊತ್ತು ತಗೊಂಡು ನಾ ಏನ್ ಮಾಡ್ಲಿ? ಅಳದ ಹೊತ್ತು ತೋರಸ್ರಿ."

ದೂರು ಬರೆಸಿದಳು. ಎರಡು ಸಲ ಕಂಪನಿಯವರು ಅದನ್ನು ಮುಗಿಯಿತೆಂದು ಮುಚ್ಚಿದರು. ಎರಡು ಸಲವೂ ಅವಳು ತೆರೆಸಿದಳು. ಟವರ್ ಹೋಗಿ ಬಂದಾಗಲೆಲ್ಲ ಗೋಡೆಯ ಪಟ್ಟಿಯ ಫೋಟೋ, ಫೋನಿನ ಅಂಕಿಯ ಫೋಟೋ ಜೋಡಿಸಿ ಕಳಿಸಿದಳು. "ಸಾಕು ಬಿಡವಾ, ನೀ ಕಣ್ಣಾರೆ ನೋಡ್ತೀಯಲ್ಲ," ಎಂದರು ಭೀಮಗೊಂಡ. "ನಾ ರಜಾ ಇದ್ದ ದಿನಾ ಯಾರ್ ನೋಡ್ತಾರ್ರಿ?" ಎಂದಳು.

ಸೆಪ್ಟೆಂಬರಿನಲ್ಲಿ ಕುನಾಲನೇ ಫೋನ್ ಮಾಡಿದ. ಇನ್ನು ಪ್ರತಿ ಅಳತೆಯ ಜೊತೆ ಅಳೆದ ಗಳಿಗೆ ಬರುತ್ತದೆ, ತಡವಾಗಿ ಬಂದದ್ದು ಬೂದಿ ಬಣ್ಣದಲ್ಲಿ ಬೇರೆಯಾಗಿ ಕಾಣುತ್ತದೆ ಎಂದ.

"ತಡೀರಿ, ನೋಡಿ ಹೇಳ್ತೀನಿ," ಎಂದು ಅನುಸೂಯಾ ಸೆನ್ಸರಿನ ಸಿಮ್ ಕಿತ್ತಳು. ಮುಕ್ಕಾಲು ತಾಸು ಬಿಟ್ಟು ಮತ್ತೆ ಹಾಕಿದಳು. ಹಳೆಯ ಅಂಕಿಗಳು ಬೂದಿ ಬಣ್ಣದಲ್ಲಿ ಸಾಲಾಗಿ ಬಂದವು; ಮೇಲೆ ಆ ಕ್ಷಣದ ಅಳತೆ ಒಂದೇ ನಿಂತಿತು. ಕುನಾಲನಿಗೆ ಫೋನ್ ಮಾಡಿ, "ಈಗ ಬರೋಬರ ಐತಿ," ಎಂದಳು.

ಅದೇ ಸಂಜೆ ಇನ್ನೊಂದು ದೂರು ಬರೆಸಿದಳು: ನೀರೇರಿದಾಗ ಇಂಗ್ಲಿಷಿನಲ್ಲಿ ಬರುವ ಎಚ್ಚರಿಕೆಯ ಮೆಸೇಜ್ ಕನ್ನಡದಲ್ಲಿ ಬರಬೇಕು.